ಹೆಸರು ಕೂಗುವ ಬಂಡಿ

ಸ್ಟೇಷನ್ನಿನ ಬೋರ್ಡಿನಲ್ಲಿ ಬೌರಿಂಗ್‌ಪೇಟೆ ಎಂದು ಬರೆದಿದ್ದ ಕಾಲ ಅದು. ಜನರ ಬಾಯಲ್ಲಿ ಮಾತ್ರ ಅದು ಬಂಗಾರಪೇಟೆಯೇ. ಆ ಸ್ಟೇಷನ್ನಿನ ಹಿಂದಿನ ಬಯಲಿನಲ್ಲಿ ಮದರಾಸು ಕಡೆಯ ಮುದಲಿಯಾರರೊಬ್ಬರು ಒಂದು ಮರದ ಏಳುಬೀಳು ಕಟ್ಟಿಸಿದ್ದರು. ತೆಂಗಿನ ಮರದಷ್ಟು ಎತ್ತರದ ಮರದ ಕಟ್ಟು, ಅದರ ಮೇಲೆ ಗುಡ್ಡ ಹತ್ತಿ ಇಳಿದ ಹಾಗೆ ಹಾಸಿದ ಹಳಿ, ಹಳಿಯ ಮೇಲೆ ಆರು ಜನ ಕೂರುವ ಒಂದು ಬಂಡಿ. ಎಂಟು ಆಳು ರಾಟೆ ತಿರುಗಿಸಿ ಬಂಡಿಯನ್ನು ಹಗ್ಗದಿಂದ ತುದಿಗೆ ಎಳೆಯುತ್ತಿದ್ದರು. ಅಲ್ಲಿ ಕೊಕ್ಕೆ ಬಿಚ್ಚಿದರೆ ಮುಗಿಯಿತು, ಆಮೇಲಿನದು ದೇವರಿಗೆ ಬಿಟ್ಟದ್ದು.

ಇದಕ್ಕೆ ಹುಚ್ಚು ಹಿಡಿದವರು ಯಾರು ಅಂತೀರಿ? ಚಿನ್ನದ ಗಣಿಯ ಆಳುಗಳು. ವಾರವೆಲ್ಲ ಹಗ್ಗದಲ್ಲಿ ಇಳಿಬಿಟ್ಟ ಕಬ್ಬಿಣದ ತೊಟ್ಟಿಲಿನಲ್ಲಿ ನಿಂತು ಸಾವಿರಾರು ಅಡಿ ಪಾತಾಳಕ್ಕೆ ಇಳಿಯುವಾಗ ಕಣ್ಣು ಕೂಡ ಪಿಳುಕಿಸದ ಗಂಡಸರು, ಭಾನುವಾರ ರೈಲು ಹತ್ತಿ ಬಂದು, ದುಡ್ಡು ಕೊಟ್ಟು, ಐವತ್ತು ಅಡಿಯಿಂದ ಬಿದ್ದು ಕಿರುಚಿ ಹೋಗುತ್ತಿದ್ದರು. ಕಿರುಚುವುದಕ್ಕೇ ಬರುತ್ತಿದ್ದರು ಅನ್ನಿ. ಗಣಿಯೊಳಗೆ ಅವರದೊಂದು ಕಟ್ಟಳೆ ಇತ್ತು: ಕೆಳಗೆ ಇಳಿದ ಮೇಲೆ ಯಾರನ್ನೂ ಹೆಸರು ಹಿಡಿದು ಕೂಗಬಾರದು. ಕೂಗಿದರೆ ಭೂಮಿ ಹೆಸರು ಕಲಿತುಬಿಡುತ್ತದೆ, ಆಮೇಲೆ ತಾನೇ ಕರೆಯುತ್ತದೆ ಅಂತ. ಅಲ್ಲಿ ಎಲ್ಲರೂ ‘ಲೇಯ್’, ಎಲ್ಲರೂ ‘ಅಣ್ಣೋ’. ಹಾಗಾಗಿ ಏಳುಬೀಳಿನ ತುದಿಯಿಂದ ಬಂಡಿ ಬೀಳುವಾಗ ಆರು ದಿನ ಗಂಟಲಲ್ಲಿ ಕೂತಿದ್ದ ಹೆಸರುಗಳೆಲ್ಲ ಆಚೆ ಬರುತ್ತಿದ್ದವು. ಹೆಂಡತಿಯ ಹೆಸರು, ಮಗಳ ಹೆಸರು, ಮನೆದೇವರ ಹೆಸರು, ಸಾಕಿದ ಎಮ್ಮೆಯ ಹೆಸರು. ಆದಿಲಕ್ಷ್ಮಮ್ಮ ಅನ್ನುವ ಹೆಂಗಸು ಎರಡನೇ ಇಳಿಜಾರಿನಲ್ಲಿ ಗಂಡನ ಹೆಸರನ್ನೇ ಕೂಗಿಬಿಟ್ಟಳೆಂದು ಅವಳ ಅತ್ತೆ ಮೂರು ದಿನ ಅನ್ನ ಮುಟ್ಟದೆ ಕೂತಿದ್ದಳಂತೆ.

ಎರಡು ವರ್ಷದಲ್ಲಿ ಗೆದ್ದಲು ಏಳುಬೀಳಿನ ಕಾಲು ತಿಂದು ಮುಗಿಸಿತು. ಮುದಲಿಯಾರರು ಬಾಗಿಲು ಹಾಕಿದರು. ಇನ್ನೆರಡು ವರ್ಷ ಕಳೆದ ಮೇಲೆ, 1936ರಲ್ಲಿ, ಅದನ್ನು ಮತ್ತೆ ಕಟ್ಟಿಸುತ್ತೇನೆ ಎಂದು ಹೊರಟಾಗ ಅವರಿಗೆ ಸಿಕ್ಕಿದವನು ಚಿಕ್ಕವೆಂಕಟಪ್ಪ.

ಚಿಕ್ಕವೆಂಕಟಪ್ಪ ಕಾಮಸಮುದ್ರದ ಕಡೆಯ ಹಳ್ಳಿಯವನು. ಹದಿನೆಂಟಕ್ಕೆ ಗಣಿಗೆ ಬಂದವನು ಮೂವತ್ತು ವರ್ಷ ನೆಲದಡಿ ಮರ ಕೊಟ್ಟಿದ್ದ. ಮೇಲಿನ ಬಂಡೆ ಕುಸಿಯದ ಹಾಗೆ ದಿಮ್ಮಿ ನಿಲ್ಲಿಸಿ, ತಲೆಯ ಮೇಲೆ ಬೆಣೆ ಬಿಗಿಯುವ ಕೆಲಸಕ್ಕೆ ಅಲ್ಲಿಯವರು ‘ಮರ ಕೊಡೋದು’ ಅನ್ನುತ್ತಿದ್ದರು. ದಿಮ್ಮಿಗೆ ಕಿವಿ ಹಚ್ಚಿದರೆ ಅದು ಇನ್ನು ಎಷ್ಟು ದಿನ ಹೊರುತ್ತದೆ ಅಂತ ಹೇಳಬಲ್ಲವನಾಗಿದ್ದ. ಮರ ಮುರಿಯುವ ಮುಂಚೆ ಮಾತಾಡುತ್ತದೆ, ಕೇಳಿಸಿಕೊಳ್ಳುವವನು ಬದುಕುತ್ತಾನೆ ಅನ್ನುವುದು ಅವನ ಪಾಠ. ಆ ಪಾಠವನ್ನು ಅವನಿಂದ ಕಲಿಯಲು ಅವನದೇ ಗುಂಪಿಗೆ ಸೇರಿದವನು ಮಗ ಅಶ್ವತ್ಥಪ್ಪ. ಇಪ್ಪತ್ತೆರಡರ ಹುಡುಗ, ಒಬ್ಬನೇ ಮಗ.

ಒಂದು ದಿನ ಮಧ್ಯಾಹ್ನ ಮರ ಮಾತಾಡಿತು. ಚಿಕ್ಕವೆಂಕಟಪ್ಪನಿಗೆ ಕೇಳಿಸಿತು. “ಲೇಯ್, ಈಚೆಗ್ ಬಾರ್ಲಾ!” ಎಂದು ಕೂಗಿದ. ಅಲ್ಲಿದ್ದವರು ನಾಲ್ವರು. ಮೂವರು ಹಾರಿ ಈಚೆಗೆ ಬಂದರು. ಅಶ್ವತ್ಥಪ್ಪ ಕೈಯಲ್ಲಿ ಬೆಣೆ ಹಿಡಿದುಕೊಂಡು, ಅಪ್ಪ ಯಾರನ್ನು ಕರೆದ ಅಂತ ತಿರುಗಿ ನೋಡಿದ. ಅಷ್ಟು ಹೊತ್ತು ಸಾಕಾಯಿತು ಬಂಡೆಗೆ.

ಮಗನನ್ನು ಮಣ್ಣು ಮಾಡಿ ಬಂದ ಸಂಜೆ ಹೆಂಡತಿ ಪಾಪಕ್ಕನಿಗೆ ಅವನು ಒಂದೇ ಮಾತು ಹೇಳಿದ. “ಎಸ್ರಿಡಿದು ಕೂಗಿದ್ರೆ ಬತ್ತಿದ್ದ.” ಆಮೇಲೆ ಆ ಹೆಸರು ಅವನ ಬಾಯಿಂದ ಬರಲಿಲ್ಲ. ಅಳಲೂ ಇಲ್ಲ. ಒಂದು ಸಲ ಊಟಕ್ಕೆ ಕೂತಾಗ ಪಾಪಕ್ಕ “ನಮ್ ಅಶ್ವತ್ಥಂಗೆ ಈ ಉರುಳಿಕಾಳು ಸಾರು ಅಂದ್ರೆ...” ಎಂದು ಶುರು ಮಾಡಿದ್ದೇ ತಡ, ಅರ್ಧ ಮುದ್ದೆ ಬಿಟ್ಟು ಎದ್ದು ಕೈ ತೊಳೆದ. ಸಿಟ್ಟಿನಿಂದಲ್ಲ. ಹೊಟ್ಟೆ ತುಂಬಿದವನ ಹಾಗೆ ಎದ್ದ. ಅವಳು ಅಲ್ಲಿಗೆ ಹೆಸರು ಎತ್ತುವುದನ್ನು ಬಿಟ್ಟಳು. ಅವನು ಗಣಿಗೆ ಇಳಿಯುವುದನ್ನು ಬಿಟ್ಟ. ಸುಮ್ಮನೆ ಮನೆ ಜಗಲಿಯ ಮೇಲೆ ಕೂರುತ್ತಿದ್ದವನನ್ನು ಮುದಲಿಯಾರರು ಬಂದು ಕರೆದರು. ಬರುತ್ತೇನೆ ಅಂದ. ಬೇರೆ ಯಾರು ಕರೆದಿದ್ದರೂ ಬರುತ್ತೇನೆ ಅನ್ನುತ್ತಿದ್ದನೋ ಏನೋ.

ಇನ್ನೊಂದು ಸಂಗತಿ ಇದೆ. ಏಳುಬೀಳು ಮತ್ತೆ ಶುರುವಾಗುತ್ತಂತೆ ಅನ್ನುವ ಸುದ್ದಿ ಹಬ್ಬಿದ ವಾರವೇ ಅಶ್ವತ್ಥಪ್ಪ ಆಂಡರ್ಸನ್‌ಪೇಟೆಯ ಟೈಲರ್ ಮುನಿಶಾಮಿಯ ಹತ್ತಿರ ನೀಲಿ ಗೀಟಿನ ಒಂದು ಅಂಗಿ ಹೊಲಿಯಲು ಕೊಟ್ಟಿದ್ದ. ಮೊದಲನೇ ದಿನ ಬಂಡಿ ಹತ್ತುವಾಗ ಹಾಕಿಕೊಳ್ಳಲು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತ ಪಾಪಕ್ಕ ನಕ್ಕಿದ್ದಳು. ಅದಾಗಿ ಹತ್ತು ದಿನಕ್ಕೆ ಹುಡುಗ ಹೋದ. ಅಂಗಿ ಟೈಲರ್ ಅಂಗಡಿಯಲ್ಲೇ ಉಳಿಯಿತು. ಮುನಿಶಾಮಿಗೆ ಓದು ಬರಹ ಬಾರದು. ಯಾರ ಹೆಸರಲ್ಲಿ ಬಟ್ಟೆ ಬಂದಿತ್ತೋ ಆ ಹೆಸರನ್ನು ಬಾಯಿಬಿಟ್ಟು ಹೇಳಿದರಷ್ಟೇ ಬಟ್ಟೆ ಕೊಡುತ್ತಿದ್ದ. ಹಿಂದೆ ಒಬ್ಬನ ಮದುವೆ ಅಂಗಿಯನ್ನು ಇನ್ನೊಬ್ಬನಿಗೆ ಕೊಟ್ಟು ಬಡಿಸಿಕೊಂಡಿದ್ದನಂತೆ, ಅಲ್ಲಿಂದ ಶುರುವಾದ ನೇಮ. ಚಿಕ್ಕವೆಂಕಟಪ್ಪ ಅಂಗಡಿಯ ಮುಂದೆ ಹಾಯುವಾಗೆಲ್ಲ ಮುನಿಶಾಮಿ “ಅಣ್ಣೇ, ಅಂಗಿ ಇಲ್ಲೇ ಐತೆ” ಅನ್ನುತ್ತಿದ್ದ. ಚಿಕ್ಕವೆಂಕಟಪ್ಪ ಕೇಳಿಸದವನ ಹಾಗೆ ಹೋಗುತ್ತಿದ್ದ.

ಎಂಟು ತಿಂಗಳು ಕೆಲಸ ನಡೆಯಿತು. ಚಿಕ್ಕವೆಂಕಟಪ್ಪ ಗೆದ್ದಲು ಹಿಡಿದ ಕಂಬಗಳನ್ನು ಒಂದೊಂದಾಗಿ ಕಿತ್ತು ಬೇರೆ ನಿಲ್ಲಿಸಿದ, ಬೆಣೆ ಬಿಗಿದ, ಕಿವಿ ಹಚ್ಚಿ ಕೇಳಿದ. ಭಾನುವಾರ ಬಂತೆಂದರೆ ಗಣಿಯಿಂದ ಗುಂಪು ಗುಂಪಾಗಿ ಜನ ಬರುತ್ತಿದ್ದರು, ಹತ್ತುವುದಕ್ಕಲ್ಲ, ಎಷ್ಟು ಕಟ್ಟಿದ್ದಾರೆ ನೋಡುವುದಕ್ಕೆ. ಇವರಿಗೆಲ್ಲ ಮುಖಂಡ ಕೋದಂಡಪ್ಪ, ಗಣಿಯಲ್ಲಿ ಕುಳಿ ಕೊರೆಯುವವನು. ಹಳೆಯ ಬಂಡಿಯನ್ನು ಇಪ್ಪತ್ತೇಳು ಸಲ ಹತ್ತಿದ್ದ. ಅದನ್ನು ಕಾಶಿಗೆ ಹೋಗಿ ಬಂದವನ ಗತ್ತಿನಲ್ಲಿ ಹೇಳಿಕೊಳ್ಳುತ್ತಿದ್ದ. ಮುಂದಿನ ಸಾಲಲ್ಲಿ ಕೂತರೆ ಒಳ್ಳೆಯದೋ ಹಿಂದಿನ ಸಾಲೋ ಅಂತ ಇವರಲ್ಲಿ ಎರಡು ಪಂಗಡವಾಗಿ, ಒಂದು ಪಂಗಡದವರು ಇನ್ನೊಂದು ಪಂಗಡದವರ ಮನೆ ನಾಮಕರಣಕ್ಕೂ ಹೋಗದೆ ಇದ್ದರು.

“ಅಣ್ಣೋ, ಮೊದಲ್ನೇ ಇಳಿಜಾರು ಮುಂಚಿನಂಗೇ ಐತಾ, ಇಲ್ಲಾ ತಗ್ಗಿಸ್ಬಿಟ್ಯಾ?” ಎಂದು ಕೋದಂಡಪ್ಪ ಕೆಳಗಿನಿಂದ ಕೂಗುತ್ತಿದ್ದ.

“ಇದ್ದಂಗೇ ಐತೆ.”

“ಆ ಕಿರುಗುಟ್ಟೋ ಸದ್ದು? ಅದು ಓದ್ರೆ ಇನ್ನೇನೈತಣ್ಣ ಅದ್ರಾಗೆ!”

“ಮರ ಅಲ್ವಾ. ಕಿರುಗುಟ್ತದೆ.”

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಅಂತ ಕೋದಂಡಪ್ಪ ಗೊಣಗುತ್ತಿದ್ದ. ಇಂಥ ವೈಭವ ಕಟ್ಟುತ್ತಿರುವವನಿಗೇ ಅದರ ಮೇಲೆ ಆಸೆಯಿಲ್ಲ ಅಂದರೆ! ನಿಜವಾಗಿ ಚಿಕ್ಕವೆಂಕಟಪ್ಪನಿಗೆ ಆಸೆಯೂ ಇರಲಿಲ್ಲ, ಬೇಸರವೂ ಇರಲಿಲ್ಲ. ಸುತ್ತಿಗೆ ಬೆರಳಿಗೆ ಬಿದ್ದರೆ ರಕ್ತ ನೋಡಿ, ಓ ಬಿತ್ತು ಅಂದುಕೊಳ್ಳುತ್ತಿದ್ದ. ರಾಟೆ ಎಳೆಯುವ ಆಳುಗಳು ನಕ್ಕರೆ ಅವನೂ ಹಲ್ಲು ಬಿಡುತ್ತಿದ್ದ. ಯಾಕೆ ನಕ್ಕೆ ಅಂತ ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಆರಂಭದ ಹಿಂದಿನ ದಿನ ಪಾಪಕ್ಕ ರಾಗಿ ಬೀಸುತ್ತ ಕೂತಿದ್ದವಳು ಕಲ್ಲು ನಿಲ್ಲಿಸಿದಳು.

“ನಾಳೆ ನೀನೇ ಮೊದ್ಲು ಅತ್ಬೇಕಂತಲ್ಲ.”

“ಊಂ. ಮರ ಕೊಟ್ಟೋನೇ ಮೊದ್ಲು ಅದ್ರ ಕೆಳ್ಗೆ ನಿಲ್ಬೇಕು. ಅದು ಗಣಿ ಪದ್ಧತಿ.”

“ಬೀಳುವಾಗ ಎಲ್ರೂ ಒಂದೊಂದ್ ಎಸ್ರು ಕೂಗ್ತಾರೆ.”

“ಊಂ.”

“ಮಗನ್ನ ಕೂಗು.” ಅವಳ ಕೈ ಬೀಸುವ ಗೂಟದ ಮೇಲೇ ಇತ್ತು. “ಅವತ್ತು ಕೂಗ್ಲಿಲ್ಲ, ಓಗ್ಲಿ ಬಿಡು. ನಾನೇನು ನಿನ್ನ ದೂರ್ತಾ ಇಲ್ಲ. ನಾಳೆ ಒಂದ್ ಸಲ ಕೂಗು, ನನ್ ಕಿವಿಗೆ ಬೀಳ್ಬೇಕು. ಅಂಥೋನೊಬ್ಬ ಈ ಮನೇಲಿ ಉಟ್ಟೇ ಇರ್ಲಿಲ್ಲ ಅನ್ನಂಗೆ ಆಗೋಗೈತೆ. ನಂಗೆ ತಡ್ಯಕ್ಕಾಗಲ್ಲ.”

ಅವನು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ “ನೋಡಾಣ” ಅಂದ. ಅವಳು ಮತ್ತೆ ಕಲ್ಲು ತಿರುಗಿಸಿದಳು.

ಮಾರನೆಯ ಬೆಳಿಗ್ಗೆ ಗಣಿಯ ಕಡೆಯಿಂದ ಬಂದ ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೋದಂಡಪ್ಪ ಕೊರಳಿಗೆ ಚೆಂಡುಹೂವಿನ ಹಾರ ಹಾಕಿಕೊಂಡೇ ಬಂದಿದ್ದ. ಬಯಲಿನಲ್ಲಿ ಕಡಲೆಕಾಯಿ ಬುಟ್ಟಿಗಳು, ಸೋಡಾ ಬಾಟಲಿಗಳು, ಹೆಗಲ ಮೇಲೆ ಕೂತ ಮಕ್ಕಳು. ಮುದಲಿಯಾರರು ತೆಂಗಿನಕಾಯಿ ಒಡೆದರು. ಚಿಕ್ಕವೆಂಕಟಪ್ಪ ಒಬ್ಬನೇ ಬಂಡಿಯ ಮುಂದಿನ ಸಾಲಿನಲ್ಲಿ ಕೂತ. ಉಳಿದ ಐದು ಜನರ ಭಾರಕ್ಕೆ ಮರಳಿನ ಮೂಟೆ ಇಟ್ಟರು. ಕೆಳಗೆ ಜನರ ನಡುವೆ ಪಾಪಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಮೇಲೆ ನೋಡುತ್ತ ನಿಂತಿದ್ದಳು.

ರಾಟೆ ತಿರುಗಿತು. ಬಂಡಿ ತುದಿಗೆ ಬಂತು. ಅಲ್ಲಿಂದ ಗಣಿಯ ಕಪ್ಪು ಗೋಪುರಗಳು, ಚಿನ್ನ ತೆಗೆದು ಸುರಿದ ಸೈನೈಡು ಮಣ್ಣಿನ ಬಿಳಿ ದಿಬ್ಬಗಳು ಕಾಣುತ್ತಿದ್ದವು. ಕೊಕ್ಕೆ ಬಿಚ್ಚಿತು. ಚಿಕ್ಕವೆಂಕಟಪ್ಪ ಬಾಯಿ ತೆರೆದ. ಹೆಸರು ನಾಲಿಗೆಯ ಬುಡದಲ್ಲೇ ಇತ್ತು, ಅದು ಅವನಿಗೆ ಗೊತ್ತಿತ್ತು. ಗಾಳಿ ಒಳಕ್ಕೆ ಹೋಯಿತು, ಆಚೆಗೆ ಏನೂ ಬರಲಿಲ್ಲ. ಮೊದಲನೇ ಇಳಿಜಾರು ಮುಗಿಯಿತು, ಎರಡನೆಯದು, ಮೂರನೆಯದು. ಬಂಡಿ ನಿಂತಾಗ ಅವನ ಬಾಯಿ ತೆರೆದೇ ಇತ್ತು. ಮುಚ್ಚಿಕೊಂಡು ಇಳಿದ.

“ಎಂಗಿತ್ತಣ್ಣೋ! ಯೋಳು ಮತ್ತೆ!” ಎಂದು ಕೋದಂಡಪ್ಪ ಭುಜ ಹಿಡಿದು ಅಲ್ಲಾಡಿಸಿದ.

“ಎರಡ್ನೇ ಇಳಿಜಾರಲ್ಲಿ ಒಂದ್ ಬೆಣೆ ಸಡ್ಲ ಐತೆ,” ಅಂದ ಚಿಕ್ಕವೆಂಕಟಪ್ಪ. “ಬಿಗಿದ್ಬಿಟ್ಟು ಬತ್ತೀನಿ, ಆಮ್ಯಾಲೆ ಅತ್ತಿ.”

ಎರಡು ವರ್ಷಕ್ಕೂ ಮೇಲೆ ಕಾದ ಜನಕ್ಕೆ ಸಿಕ್ಕ ಮೊದಲ ವರ್ತಮಾನ ಇದು. ಕೋದಂಡಪ್ಪ ಹಾರವನ್ನು ಕಿತ್ತು ಹಾಕುವುದೊಂದು ಬಾಕಿ.

ಪಾಪಕ್ಕ ಗಂಡನ ಮುಖ ನೋಡಿದಳು. ಅವನು ಬೆಣೆ ಬಿಗಿದು ಇಳಿಯುವಷ್ಟರಲ್ಲಿ ಸಾಲಿನಲ್ಲಿ ನಿಂತವರನ್ನೆಲ್ಲ ದಾಟಿಕೊಂಡು ಹೋಗಿ ಬಂಡಿಯಲ್ಲಿ ಕೂತಿದ್ದಳು. “ಅಮ್ಮ, ಸಾಲು ಐತಮ್ಮ” ಎಂದವನಿಗೆ “ಗೊತ್ತು, ನಿಂತ್ಕೊ” ಅಂದಳು. ರೈಲಿನಲ್ಲಿ ಕೂರಲೂ ಹೆದರುವ ಹೆಂಗಸು ಅವಳು. ಕೋದಂಡಪ್ಪ ಅವಳ ಹಿಂದಿನ ಸಾಲಿನಲ್ಲಿ ತೆಪ್ಪಗೆ ಕೂತ.

ಬಂಡಿ ಮೇಲಕ್ಕೆ ಹೋಯಿತು. ಚಿಕ್ಕವೆಂಕಟಪ್ಪ ಎರಡನೇ ಇಳಿಜಾರಿನ ಕೆಳಗೆ ಬಂದು ನಿಂತು, ಬಿಗಿದ ಬೆಣೆ ನಿಲ್ಲುತ್ತದೋ ಇಲ್ಲವೋ ಅಂತ ಕಂಬಕ್ಕೆ ಕಿವಿ ಹಚ್ಚಿದ. ಮೊದಲು ಚಕ್ರದ ಸದ್ದು ಬಂತು, ಆಮೇಲೆ ಕಂಬಗಳು ಒಂದಾದ ಮೇಲೊಂದು ಭಾರ ಹೊತ್ತ ಸದ್ದು. ಅದರ ಜೊತೆಯಲ್ಲೇ ಮರದೊಳಗಿಂದ ಅವಳ ದನಿ ಬಂತು.

“ಅಶ್ವತ್ಥಾ! ಲೋ ಅಶ್ವತ್ಥಾ! ಬಾರೋ!”

ಬಂಡಿ ತಲೆಯ ಮೇಲೆ ಹಾದುಹೋಯಿತು. ಬೆಣೆ ಅಲ್ಲಾಡಲಿಲ್ಲ. ಚಿಕ್ಕವೆಂಕಟಪ್ಪ ಕಿವಿ ತೆಗೆಯದೆ ಹಾಗೇ ನಿಂತಿದ್ದ. ಮೂವತ್ತು ವರ್ಷದಲ್ಲಿ ಮರ ಅವನಿಗೆ ಹೇಳಿದ್ದು ಒಂದೇ ಮಾತು, ಓಡು ಅಂತ. ಇವತ್ತು ಮಗನ ಹೆಸರು ಹೇಳಿತು. ಹೇಳಿದರೂ ಏನೂ ಕುಸಿಯಲಿಲ್ಲ. ಅವನಿಗೆ ದುಃಖ ಉಕ್ಕಿ ಬಂತು ಅಂತ ಹೇಳಿದರೆ ಸುಳ್ಳಾಗುತ್ತದೆ. ಬೆಣೆಯನ್ನು ಇನ್ನೊಂದು ಸಲ ಕೇಳಿ ನೋಡೋಣ ಅಂದುಕೊಂಡ, ಅಷ್ಟೆ. ಬಂಡಿ ನಿಂತು ಜನ ಇಳಿದ ಮೇಲೂ ಕೇಳುತ್ತಲೇ ಇದ್ದ.

ಪಾಪಕ್ಕ ಕೂದಲು ಕೆದರಿಕೊಂಡು, ಗೋಡೆ ಹಿಡಿದು ನಡೆಯುವವಳ ಹಾಗೆ ಬಂದಳು.

“ಕೇಳುಸ್ತಾ?”

“ಕೇಳುಸ್ತು.”

ಮಧ್ಯಾಹ್ನದ ರೈಲಿಗೆ ಇಬ್ಬರೂ ಹೊರಟರು. ಹಿಂದೆ ಬಯಲಿನಲ್ಲಿ ಹೆಸರಿನ ಮೇಲೆ ಹೆಸರು ಕೇಳಿಬರುತ್ತಿತ್ತು. ಮಾರಿಕುಪ್ಪದಲ್ಲಿ ಇಳಿದು ಆಂಡರ್ಸನ್‌ಪೇಟೆಯ ಬೀದಿ ಹಿಡಿದು ನಡೆದರು. ಅವನು ಎರಡು ಹೆಜ್ಜೆ ಮುಂದೆ, ಅವಳು ಹಿಂದೆ. ಟೈಲರ್ ಅಂಗಡಿ ಬಂದಾಗ ಅವಳು ರೂಢಿಯಂತೆ ಬೀದಿಯ ಆ ಮಗ್ಗುಲಿಗೆ ಸರಿದಳು. ಅವನು ಸರಿಯಲಿಲ್ಲ. ಮುನಿಶಾಮಿ ಮೆಷಿನ್ ತುಳಿಯುತ್ತಿದ್ದವನು ಕಾಲು ನಿಲ್ಲಿಸಿದ.

“ಅಣ್ಣೇ, ಬಾ.”

“ಅಂಗಿ ಇಸ್ಕೊಂಡೋಗಾಣ ಅಂತ ಬಂದೆ,” ಅಂದ ಚಿಕ್ಕವೆಂಕಟಪ್ಪ.

ಮುನಿಶಾಮಿಗೆ ಯಾವ ಅಂಗಿ ಅಂತ ಗೊತ್ತಿಲ್ಲದೇ ಏನು? ಹನ್ನೊಂದು ತಿಂಗಳಿಂದ ಅದರ ಧೂಳು ಕೊಡವಿ ಇಟ್ಟವನು ಅವನೇ. ಎದ್ದು ಬೀರಿನ ಕಡೆ ಹೋದವನು ಬಾಗಿಲಿಗೆ ಕೈ ಹಾಕಿ ನಿಂತ. ನೇಮ ನೇಮವೇ ಅಂದುಕೊಂಡನೋ, ಬೇಕೆಂದೇ ಕೇಳಿದನೋ, ಅವನಿಗೇ ಗೊತ್ತು.

“ಯಾರ ಎಸ್ರಲ್ಲಿ ಐತಣ್ಣೇ?”

ಪಾಪಕ್ಕ ಬೀದಿಯ ಆ ಮಗ್ಗುಲಲ್ಲೇ ನಿಂತುಬಿಟ್ಟಳು.

“ಅಶ್ವತ್ಥಪ್ಪ,” ಅಂದ ಚಿಕ್ಕವೆಂಕಟಪ್ಪ. ಮುನಿಶಾಮಿ ಬೀರು ತೆಗೆದ. ಆದರೂ ಅವನು ನಿಲ್ಲಿಸಲಿಲ್ಲ. ಬೀದಿಯ ಆ ಮಗ್ಗುಲಿಗೂ ಕೇಳಿಸಲಿ ಅಂತ ದನಿ ಎತ್ತಿ ಇನ್ನೊಮ್ಮೆ ಹೇಳಿದ: “ನನ್ ಮಗ ಅಶ್ವತ್ಥಪ್ಪನ ಎಸ್ರಲ್ಲಿ ಐತೆ.”