ತುಂಗೆ ನನ್ನ ಲೆಕ್ಕದಲ್ಲಿರಲಿಲ್ಲ

ಶಿವಮೊಗ್ಗದಲ್ಲಿ ಬಾಡಿಗೆ ಮನೆ ಕೇಳಲು ಹೋದ ಮೊದಲ ದಿನವೇ ಮನೆಯಾಕೆ, "ಅಯ್ಯೋ ಮಾರಾಯ್ತಿ, ಇಷ್ಟು ಬಿಸಿಲಲ್ಲಿ ಬಂದ್ಯಾ!" ಅಂದರು. ಬೈದರೆಂದು ತಿಳಿದು ಗೇಟಿನಿಂದಲೇ ತಿರುಗಿ ನಡೆದೆ. ಅವರು ಗಾಂಧಿ ಬಜಾರಿನ ತಿರುವಿನವರೆಗೂ ಹಿಂದೆ ಬಂದು ಕೈಹಿಡಿದು ಕರೆದೊಯ್ದರು. ನಮ್ಮ ವಿಜಾಪುರದಲ್ಲಿ 'ಯವ್ವಾ' ಅನ್ನುವ ಕಡೆ ಇಲ್ಲಿ 'ಮಾರಾಯ್ತಿ' ಅನ್ನುತ್ತಾರೆಂದು ತಿಳಿದದ್ದು ಆಮೇಲೆ. ಆಕೆ ಜುಬೇದಾಬಿ, ಮನೆಯಲ್ಲೇ ಬಟ್ಟೆ ಹೊಲಿಯುವವರು. ಮಹಡಿಯ ಕೋಣೆ ಕೊಟ್ಟರು. ಒಬ್ಬಳೇ ಯಾಕೆ ಬಂದೆ ಎಂದು ಕೇಳಲಿಲ್ಲ. ನನ್ನ ಬರಿಗೊರಳು ನೋಡಿಯೇ ಅರ್ಥ ಮಾಡಿಕೊಂಡಿರಬೇಕು.

ಗಂಡ ಸ್ಕೂಟರ್ ಅಪಘಾತದಲ್ಲಿ ತೀರಿಕೊಂಡು ಆಗ ಎಂಟು ತಿಂಗಳು. ನಾನು ಅತ್ತಿರಲಿಲ್ಲ. ಅದಕ್ಕೇ ಜನ ಆಡಿಕೊಳ್ಳತೊಡಗಿದಾಗ ದೂರದ ಕೆಲಸಕ್ಕೆ ಅರ್ಜಿ ಹಾಕಿದೆ. ಶಿವಮೊಗ್ಗದಲ್ಲಿ ಕಟ್ಟುತ್ತಿದ್ದ ದೊಡ್ಡ ಖಾಸಗಿ ಆಸ್ಪತ್ರೆಯೊಂದಕ್ಕೆ ಕರೆಂಟು, ಗಾಳಿ, ನೀರಿನ ವ್ಯವಸ್ಥೆಯ ನಕ್ಷೆ ಮಾಡುವ ಕೆಲಸ. ಆಪರೇಷನ್ ಥಿಯೇಟರಿನಲ್ಲಿ ಕರೆಂಟು ಹೋದರೆ ಬ್ಯಾಟರಿ ತಕ್ಷಣ ಹಿಡಿಯಬೇಕು, ಅದು ಇಳಿಯುವುದರೊಳಗೆ ಜನರೇಟರ್ ಶುರುವಾಗಬೇಕು. ಲೆಕ್ಕ ಹಾಕುವಾಗ ಏನೂ ನೆನಪಾಗುತ್ತಿರಲಿಲ್ಲ. ಊಟದ ರುಚಿಯೂ ತಿಳಿಯುತ್ತಿರಲಿಲ್ಲ. ರೊಟ್ಟಿ ಕೇಳಿದರೆ ಹೋಟೆಲಿನವನು ಅಕ್ಕಿರೊಟ್ಟಿ ತಂದಿಟ್ಟ; ಜೋಳದ್ದಲ್ಲವೆಂದು ತಿಂದು ಮುಗಿಸಿದ ಮೇಲೆ ತಿಳಿಯಿತು.

ಸೈಟಿನಲ್ಲಿ ವೈರಿಂಗ್ ಮೇಸ್ತ್ರಿ ಸೆಲ್ವಂ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಮನೆಯಲ್ಲಿ ತಮಿಳು, ನಮ್ಮೊಡನೆ ಕನ್ನಡ. ಒಂದು ದಿನ ನನ್ನ ನಕ್ಷೆ ಹರಡಿ, ನೆಲಮಾಳಿಗೆಯ ಮೇಲೆ ಬೆರಳಿಟ್ಟರು.

"ಜನರೇಟರ್ ಇಲ್ಲಿಟ್ಟಿದ್ದೀರಾ ಮೇಡಂ? ನಿಮ್ಮದು ಯಾವೂರು?"

"ವಿಜಾಪುರ್ರಿ."

"ಅದಕ್ಕೇ. ತುಂಗೆ ತುಂಬಿ ಬಂದ್ರೆ ಮೊದಲು ನೀರು ನುಗ್ಗೋದು ಇಲ್ಲಿಗೇ."

ನಮ್ಮಲ್ಲಿ ಕೊಡ ಹಿಡಿದು ನೀರಿಗೆ ಕಾಯುತ್ತೇವೆ. ನೀರೇ ಒಳಗೆ ನುಗ್ಗುವುದನ್ನು ನಾನು ಯೋಚಿಸಿಯೇ ಇರಲಿಲ್ಲ. ಜನರೇಟರನ್ನೂ ಮೇನ್ ಬೋರ್ಡನ್ನೂ ಅಂಗಳದಲ್ಲಿ ಎತ್ತರದ ಕಟ್ಟೆಯ ಮೇಲೆ ತೋರಿಸಿ ಹೊಸ ನಕ್ಷೆ ಬರೆದೆ. ಮಾಲೀಕ ಡಾಕ್ಟರು ಒಪ್ಪಲಿಲ್ಲ.

"ಅಲ್ಲಿ ಪಾರ್ಕಿಂಗ್ ಬರುತ್ತೆ. ಹಳೇ ನಕ್ಷೆಗೇ ಸೈನ್ ಮಾಡಿ."

"ಮಾಡೂದಿಲ್ರಿ," ಅಂದೆ. "ಬ್ಯಾರೆಯವರ ಕಡೆ ಮಾಡಿಸ್ಕೋರಿ."

ಅದನ್ನು ಧೈರ್ಯ ಅನ್ನಲಾರೆ. ಕೆಲಸ ಹೋದೀತೆಂಬ ಹೆದರಿಕೆಯೂ ನನ್ನೊಳಗೆ ಏಳಲಿಲ್ಲ, ಅಷ್ಟೆ. ಸೈನ್ ಮಾಡಲು ಬೇರೆ ಯಾರೂ ಸಿಗದೆ ವಾರದ ನಂತರ ಅವರೇ ಒಪ್ಪಿದರು. ಕಟ್ಟಡ ಮುಗಿದ ಮೇಲೆ ಯಂತ್ರಗಳ ಉಸ್ತುವಾರಿಗೆ ನಾನೂ ಸೆಲ್ವಂ ಅಲ್ಲೇ ಉಳಿದೆವು.

ಆಸ್ಪತ್ರೆ ತೆರೆದ ಮೇಲಿನ ಎರಡನೇ ಮಳೆಗಾಲದ ಒಂದು ಮಧ್ಯಾಹ್ನ ತುಂಗೆ ಉಕ್ಕಿ ನೆಲಮಾಳಿಗೆಯಲ್ಲಿ ಸೊಂಟದವರೆಗೆ ನೀರು. ಊರಿಗೆಲ್ಲ ಕರೆಂಟಿಲ್ಲ. ಮೇಲೆ ಒಬ್ಬ ಹೆಂಗಸಿಗೆ ಸಿಸೇರಿಯನ್ ನಡೆಯುತ್ತಿತ್ತು. ಕಟ್ಟೆಯ ಮೇಲೆ ಓಡುತ್ತಿದ್ದ ಜನರೇಟರಿನ ಪಕ್ಕ ನಾವಿಬ್ಬರೂ ಮೀಟರು ನೋಡುತ್ತ ನಿಂತೆವು. ಎಷ್ಟೋ ಹೊತ್ತಿನ ಮೇಲೆ ನರ್ಸ್ ಬಂದು, "ಹೆಣ್ಣು ಮಗು. ಇಬ್ರೂ ಚೆನ್ನಾಗಿದ್ದಾರೆ" ಅಂದಳು. ಸೆಲ್ವಂ "ಮುರುಗಾ" ಎಂದು ಕೈಜೋಡಿಸಿದರು. ನಾನು ಮೀಟರಿನ ಅಂಕಿ ಬರೆದುಕೊಂಡೆ. ಏನೂ ಅನ್ನಿಸಲಿಲ್ಲ.

ಮನೆಗೆ ಬಂದು ಜುಬೇದಾಬಿಗೆ ಹೇಳಲು ಹೊರಟೆ. "ಹೆಣ್ಣು ಮಗು" ಎಂಬಲ್ಲಿಗೆ ಅಲ್ಲೇ ನೆಲಕ್ಕೆ ಕೂತುಬಿಟ್ಟೆ. ಆಕೆ ಹೊಲಿಗೆ ಮಷೀನು ನಿಲ್ಲಿಸಿ ಅನ್ನ ಬಡಿಸಿದರು.

ಮರುವರ್ಷ ವಿಜಾಪುರಕ್ಕೆ ಹೋದಾಗ ಮುಂಗಾರಿನ ಮೊದಲ ಮಳೆ ಬಂತು. ಅವ್ವ, ಅಣ್ಣನ ಮಕ್ಕಳು, ಓಣಿಯವರೆಲ್ಲ ಹೊರಗೆ ಓಡಿದರು. "ಬಾ, ನೀನೂ ತೋಯಿಸ್ಕೊ!" ಎಂದು ಅವ್ವ ಕೂಗಿದಳು. ನಾನು ಹೊಸ್ತಿಲಲ್ಲೇ ನಿಂತು ಓಣಿಯ ಇಳಿಜಾರು ನೋಡುತ್ತಿದ್ದೆ, ನೀರು ಮೊದಲು ಯಾರ ಮನೆಗೆ ನುಗ್ಗೀತೆಂದು.