ಮಾಳಪ್ಪನಿಗೆ ಅಂಟಿದ ‘ಆಸೆ’

2022ರ ಬೇಸಿಗೆಯಲ್ಲಿ ನಾನು ಕಲಬುರಗಿಯಿಂದ ಹೊರಡುವ ದಿನಪತ್ರಿಕೆಯೊಂದಕ್ಕೆ ಬಸವಕಲ್ಯಾಣದ ತಾಲ್ಲೂಕು ವರದಿಗಾರ್ತಿಯಾಗಿದ್ದೆ. ಅಪ್ಪ ಹುಮನಾಬಾದಿನಲ್ಲಿ ಹಮಾಲಿ ಮಾಡಿ ಓದಿಸಿದ್ದ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅದನ್ನು ಹೇಳಿಕೊಳ್ಳಲು ನನಗೆ ಈಗಲೂ ಸಂಕೋಚವಿಲ್ಲ. ಸುದ್ದಿ ಬರೆದು ಕಳಿಸುವುದು ನಮ್ಮ ಕೆಲಸ. ತಲೆಬರಹ ಕೊಡುವುದು ಡೆಸ್ಕ್, ಅಂದರೆ ಕಚೇರಿಯಲ್ಲಿ ಕೂತು ಪುಟ ಕಟ್ಟುವ ಉಪಸಂಪಾದಕರು. ಅವರು ಕೊಟ್ಟ ತಲೆಬರಹ ನಮಗೂ ಓದುಗರಿಗೂ ಒಟ್ಟಿಗೇ, ಬೆಳಿಗ್ಗೆ ಗೊತ್ತಾಗುತ್ತಿತ್ತು.

ಒಂದು ದಿನ ನಾರಾಯಣಪುರದಿಂದ ಫೋನ್ ಬಂತು. ಸಂಗಪ್ಪ ಪಾಟೀಲರ ಹೊಲದಲ್ಲಿ, ಹಾಳು ಮಂಟಪದ ಪಕ್ಕ, ಯಾರೋ ಗುಂಡಿ ತೋಡಿ ಮುಚ್ಚಿದ್ದಾರೆ. ಮೇಲೆ ಭಂಡಾರ ಅನ್ನುವ ದೇವರ ಅರಿಶಿನ, ಒಡೆದ ತೆಂಗಿನಕಾಯಿ, ನಿಂಬೆಹಣ್ಣು. ನಿಧಿಗಳ್ಳರದೇ ಕೆಲಸ ಎಂದು ಊರು ಸೇರಿತ್ತು. ಆ ಹೊಲದಲ್ಲಿ ಕುರಿ ಕೂಡಿಸಿದ್ದ, ಹುಮನಾಬಾದ್ ತಾಲ್ಲೂಕಿನ ಹುಡಗಿ ಎಂಬ ಊರಿನ ಕುರಿಗಾರ ಮಾಳಪ್ಪನನ್ನು ಪೊಲೀಸರು ಹಿಡಿದು ಕೂಡಿಸಿದ್ದರು.

ನಾನು ಹೋದಾಗ ಆತ ಮಂಟಪದ ಕಟ್ಟೆಗೆ ಒರಗಿ ಕೂತಿದ್ದ.

“ದೇವರಿಗೆ ಬಿಟ್ಟ ಟಗರು ಸತ್ತಿತ್ರಿ ಅಕ್ಕಾರ. ಅದನ್ನ ತಿನ್ನಂಗಿಲ್ಲ, ಮಾರಂಗಿಲ್ಲ. ಮಂದಿ ಸತ್ರ ಹ್ಯಾಂಗ ಮಣ್ಣ ಮಾಡ್ತೀವಿ, ಹಂಗ ಭಂಡಾರ ಹಾಕಿ ಮಣ್ಣ ಮಾಡೇನಿ. ಬೇಕಂದ್ರ ಅಗದು ನೋಡ್ರಿ.”

ಅಗೆದರು. ಮೊದಲು ಕೊಂಬು, ಆಮೇಲೆ ಕೊರಳಿಗೆ ಕಟ್ಟಿದ ಕರಿ ಕಂಬಳಿ ದಾರ ಕಂಡಿತು. ಪೊಲೀಸರು ಮಾಳಪ್ಪನನ್ನು ಅಲ್ಲಿಯೇ ಬಿಟ್ಟರು. ಅನುಮಾನ, ಅಗೆತ, ಟಗರು, ಬಿಡುಗಡೆ ಎಲ್ಲವನ್ನೂ ಬರೆದು ಕಳಿಸಿದೆ.

ಮರುದಿನ ಪತ್ರಿಕೆಯಲ್ಲಿ ದಪ್ಪಕ್ಷರದ ತಲೆಬರಹ: “ನಿಧಿ ಆಸೆ: ಗುಂಡಿ ತೋಡಿದ ಕುರಿಗಾಹಿ ಪೊಲೀಸ್ ವಶಕ್ಕೆ.” ಕೆಳಗೆ ನನ್ನ ವರದಿ ಒಂದಕ್ಷರ ಬದಲಾಗದೆ ಇತ್ತು.

ಡೆಸ್ಕಿಗೆ ಫೋನ್ ಮಾಡಿದೆ. “ನೀವು ಬರೆದದ್ದು ಹಾಗೇ ಇದೆಯಲ್ಲಮ್ಮ?” ಎಂದರು ಹಿರಿಯ ಉಪಸಂಪಾದಕರು. “ಟಗರು ಹೂತ ಅಂದರೆ ಯಾರು ಓದ್ತಾರೆ? ಆಸೆ ಅಂದರೆ ಓದ್ತಾರೆ.”

ಓದಿದರು ಕೂಡ, ಆದರೆ ತಲೆಬರಹವನ್ನಷ್ಟೇ. ಅದರ ಫೋಟೊ ವಾಟ್ಸಾಪಿನಲ್ಲಿ ಹುಮನಾಬಾದ್ ತಾಲ್ಲೂಕೆಲ್ಲ ಸುತ್ತಿತು. ನಮ್ಮ ಕಡೆ ಬೇಸಿಗೆಯಲ್ಲಿ ರೈತರು ಗೊಬ್ಬರಕ್ಕೆಂದು ಕುರಿಹಿಂಡನ್ನು ಕರೆದು ಹೊಲದಲ್ಲಿ ಕೂಡಿಸಿಕೊಳ್ಳುತ್ತಾರೆ. ಬದಲಿಗೆ ಕುರಿಗಾರನಿಗೆ ಜೋಳ, ಕುರಿಗಳಿಗೆ ಬಾವಿಯ ನೀರು. ಮಾಳಪ್ಪನ ಬದುಕು ನಿಂತದ್ದೇ ಆ ಕರೆಯ ಮೇಲೆ. ಈಗ ಕರೆಯೇ ಇಲ್ಲವಾಯಿತು. ಮತ್ತೆ ಏಕೆ ಕರೆಯುವುದಿಲ್ಲ ಎಂದು ಪಾಟೀಲರನ್ನೇ ಕೇಳಿದೆ.

“ಅಂವ ಸಾಚಾ ಮನಷ್ಯಾ ಅಂತ ನನಗ ಮಾಲುಮ್ ಐತಿ ತಂಗಿ. ಆದ್ರ ನಾಳೆ ಮಂಟಪದ ಒಂದ್ ಕಲ್ಲ ಅಲಗಾಡಿದ್ರ ನನ್ನ ಹೆಸರೂ ಪೇಪರ್‌ದಾಗ ಬರ್ತದ. ನೀ ತಡೀತೀಯೇನು?”

ನನ್ನಿಂದಾಗದು. ಹಾಗೆಂದೇ ಹೇಳಿ ಬಂದೆ.

ಒಂದು ಮಧ್ಯಾಹ್ನ ಮಾಳಪ್ಪನೇ ಬಸವಕಲ್ಯಾಣಕ್ಕೆ ಬಂದ. ಮಡಚಿದ ಪತ್ರಿಕೆ ಬಿಚ್ಚಿ, “ನನಗ ಓದಾಕ ಬರಂಗಿಲ್ಲ. ನನ್ನ ಆಸೆ ಏನಂತ ಬರದಾರ, ಓದ್ರಿ” ಎಂದ. ಪೂರ್ತಿ ಓದಿದೆ.

“ತೆಳಗ ಖರೇ ಐತಿ. ಮ್ಯಾಲಿಂದು ಯಾರು ಬರದ್ರು?”

“ಕಲಬುರಗಿಯೊಳಗ ಬರೀತಾರ.”

“ಅವ್ರು ಟಗರು ನೋಡ್ಯಾರೇನ್ರಿ?”

ನಾನು ಪತ್ರಿಕೆ ಮಡಚಿ ಕೊಟ್ಟೆ. ಆತ ನಕ್ಕ. “ನಾ ಟಗರು ಹುಗದೆ, ಪೇಪರ್‌ನವ್ರು ನನ್ನ ಹುಗದ್ರು. ನಾನರ ಭಂಡಾರ ಹಾಕಿದ್ದೆ.”

ಹಟ ಹಿಡಿದು ಸ್ಪಷ್ಟನೆ ಹಾಕಿಸಿದೆ. ಒಳಪುಟದಲ್ಲಿ, ಟೆಂಡರ್ ಜಾಹೀರಾತಿನ ಅಡಿಯಲ್ಲಿ, ಸಣ್ಣಕ್ಷರದಲ್ಲಿ ಬಂತು. ಅದರ ಪ್ರತಿಗಳನ್ನು ಹುಡಗಿಗೆ ಒಯ್ದು ಹೋಟೆಲಿನಲ್ಲಿ ಹಂಚಿದೆ. “ಇದು ಫೋನ್‌ದಾಗ ಬಂದಿಲ್ಲಲ್ರಿ” ಎಂದು ಒಬ್ಬ ಅದರ ಮೇಲೆ ಭಜಿ ಇಟ್ಟುಕೊಂಡ.

ಮಾಳಪ್ಪನ ಮನೆ ಮುಂದೆ ಕುದುರೆಯ ಮೇಲೆ ಸಾಮಾನು ಹೇರುತ್ತಿದ್ದರು. ಹಿಂಡು ಮಹಾರಾಷ್ಟ್ರದ ಕಡೆ ಹೊರಟಿತ್ತು. ಗುರುತಿಲ್ಲದ ಸೀಮೆಯಲ್ಲಿ ಯಾರು ಹೊಲಕ್ಕೆ ಕರೆಯುತ್ತಾರೆ ಎಂದು ಕೇಳಿದೆ.

“ಗುರುತಿಲ್ಲಂತನ ಹೊಂಟೇನ್ರಿ ಅಕ್ಕಾರ. ಅಲ್ಲಿ ಮಂದಿಗಿ ಕನ್ನಡ ಓದಾಕ ಬರಂಗಿಲ್ಲ.”

ಅದೇ ವಾರ ನಮ್ಮ ಮುಖಪುಟದಲ್ಲಿ, ಮುಂದಿನ ಚುನಾವಣೆಯ ಟಿಕೆಟಿಗಾಗಿ ಮುಖಂಡರ ಮನೆ ಕಾಯುತ್ತಿದ್ದವರ ಸುದ್ದಿ ಬಂದಿತ್ತು. ಅವರನ್ನು ‘ಆಕಾಂಕ್ಷಿಗಳು’ ಎಂದು ಕರೆದಿದ್ದರು. ಒಬ್ಬರದೂ ‘ಆಸೆ’ ಆಗಿರಲಿಲ್ಲ. ಪತ್ರಿಕೆಯಲ್ಲಿ ಆ ಪದ ಬೀಳುವುದು, ತಿರುಗಿ ಫೋನ್ ಮಾಡಿ ಜಗಳ ತೆಗೆಯಲಾರದವರ ಹೆಸರಿನ ಪಕ್ಕ. ಈ ಕೆಲಸ ನನಗೆ ಕಲಿಸಿದ್ದು ಅದು. ನಾನು ಕಲಿತೆನೆಂದು ಮಾಳಪ್ಪನ ಹಿಂಡೇನೂ ಹುಡಗಿಗೆ ಹಿಂದಿರುಗಲಿಲ್ಲ.