ಬಿಸಿಲಿಗೆ ಸೀನುವವನು

ಹೊತ್ತೊಯ್ಯುವಾಗ ಸೀನು ಬಂದು ಆ ನಿಲುಗನ್ನಡಿ ಒಡೆದದ್ದಕ್ಕೆ ಅವನಿಗೆ ಅಷ್ಟೇನೂ ಬೇಜಾರಿಲ್ಲ. ಒಡೆದಾಗ ಅಣ್ಣ ಆಡಿದ ಮಾತಿದೆಯಲ್ಲ, ಅದನ್ನು ನೆನೆದರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ತನ್ನ ಗಾಜಿನಂಗಡಿ ತುಂಬ ಗಿರಾಕಿಗಳಿದ್ದಾಗ ಅಣ್ಣ ಅಂದಿದ್ದ: "ಮೈಗಳ್ಳ! ಭಾರ ಎತ್ತೋವಾಗ ಮಾತ್ರ ಇವನಿಗೆ ಸೀನು. ಊಟಕ್ಕೆ ಕೂತಾಗ ಯಾಕೆ ಬರಲ್ವೋ?"

ಎಲ್ಲರೂ ಗೊಳ್ಳೆಂದು ನಕ್ಕರು. ಅಂದಿನಿಂದ ಅವನು ಹಿಂದಿನ ಕತ್ತಲೆ ಕೋಣೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಗಾಜು ಕತ್ತರಿಸುವವನಾದ. ಹೊತ್ತೊಯ್ದು ಕಿಟಕಿಗೆ ಕೂರಿಸುವ ಕೆಲಸ, ಅವನು ಆಸೆಪಟ್ಟು ಕಲಿತದ್ದು, ಬೇರೆಯವರ ಪಾಲಾಯಿತು. ಕೆಲಸದವರು ಸೀನಪ್ಪ ಎಂದು ಹೆಸರಿಟ್ಟರು. ಒಬ್ಬನ ಕೊರಳಪಟ್ಟಿ ಹಿಡಿದ ಮೇಲೆ ಎದುರಿಗೆ ಕರೆಯುವುದು ನಿಂತಿತು, ಬೆನ್ನ ಹಿಂದೆ ನಿಲ್ಲಲಿಲ್ಲ.

ಮುಖಕ್ಕೆ ಬಿಸಿಲು ಬಿದ್ದರೆ ಅವನಿಗೆ ಮೂರು ಸೀನು ಕಟ್ಟಿಟ್ಟ ಬುತ್ತಿ. ಕತ್ತಲೆಯಿಂದ ಗಾಜು ಹಿಡಿದು ಹೊರಬಂದರೆ ಸೀನು ಬಾರದೆ ಇನ್ನೇನು? ಹೇಳಿದರೆ ನಂಬುವವರು ಯಾರು!

ಒಂದು ದಿನ ಕಾಲೇಜಿನ ಮೇಡಂ ಒಬ್ಬರು ಬೀರುವಿಗೆ ಗಾಜು ಕೊಳ್ಳಲು ಬಂದಿದ್ದರು. ಚಹಾಕ್ಕೆಂದು ಹೊರಟ ಇವನು ಬಾಗಿಲಲ್ಲೇ ಸೀನಿದ.

"ಬಿಸಿಲಿಗಾ?" ಮೇಡಂ ಕೇಳಿದರು.

"ನಗಾಡಿ, ನೀವೂ ನಗಾಡಿ. ನೀವೊಬ್ರು ಬಾಕಿ ಇದ್ರಿ."

"ನಗ್ತಿಲ್ಲ ಕಣ್ರೀ. ನಾನು ಅಧ್ಯಯನ ಮಾಡ್ತಿರೋದೇ ಇದನ್ನ."

ಕೆನ್ನೆಯ ಗುಳಿ, ಹಿಂದಕ್ಕೆ ಬಾಗುವ ಹೆಬ್ಬೆರಳು, ಬಿಸಿಲಿನ ಸೀನು, ಇಂಥವೆಲ್ಲ ಹೆತ್ತವರಿಂದ ಮಕ್ಕಳಿಗೆ ಹೇಗೆ ಇಳಿಯುತ್ತವೆ ಎಂದು ಅವರು ಮನೆಮನೆ ಸುತ್ತಿ ನೋಡುತ್ತಿದ್ದರಂತೆ. "ನಿಮ್ಮ ಮನೇಲಿ ಇನ್ಯಾರಿಗಿದೆ?"

"ಯಾರಿಗೂ ಇಲ್ಲ."

"ನೋಡಿದೀರಾ, ಇಲ್ಲ ಅಂದ್ಕೊಂಡಿದೀರಾ?"

ಇದರ ಬುಡ ಕಂಡೇ ತೀರಬೇಕು ಎಂದು ಅಲ್ಲೇ ನಿಶ್ಚಯಿಸಿ ಅವನು ಮೇಡಂ ಅವರನ್ನು ಮನೆಗೆ ಕರೆದ.

ಭಾನುವಾರ ಮೇಡಂ ಮನೆಗೆ ಬಂದರು. "ನಂಗೂ ಸೀನು ಬರುತ್ತೆ ಕಣಮ್ಮ, ಅಂಗಳದ ಧೂಳಿಗೆ," ಎಂದಳು ಅವನ ಅಮ್ಮ. ಧೂಳಿನ ನೆಪ ಉಳಿಯದಿರಲೆಂದು ಅವನು ಕೊಡಗಟ್ಟಲೆ ನೀರು ಸುರಿದು ಅಂಗಳ ತೊಳೆದ. ಆಮೇಲೆ ಪರದೆ ಎಳೆದ ಕೋಣೆಯಲ್ಲಿ ಅಮ್ಮನನ್ನು ಸ್ವಲ್ಪ ಹೊತ್ತು ಕೂರಿಸಿ ಬಿಸಿಲಿಗೆ ಕರೆತಂದರು. ಅಮ್ಮ ಎರಡು ಸಲ ಸೀನಿದಳು.

"ಅಯ್ಯೋ, ಒಡವೆ ಕೊಡೋಕೆ ಆಗದೆ ಸೀನು ಕೊಟ್ನೇನೋ ನಿನಗೆ!"

"ಇದನ್ನಾದ್ರೂ ಅಣ್ಣನಿಗೆ ಪಾಲು ಹಾಕದೆ ಕೊಟ್ಯಲ್ಲ, ಬಿಡು," ಎಂದ ಮಗ.

ಮೇಡಂ ಮಾತ್ರ ಹಿಗ್ಗಲಿಲ್ಲ. ಒಂದು ಮನೆ ನೋಡಿ ಏನೂ ಖಚಿತ ಹೇಳಲಾಗದು, ಪರೀಕ್ಷೆಗೆ ಸೀನುವವರ ಎಂಜಲಿನಂತೆ ಸೀನದವರ ಎಂಜಲೂ ಬೇಕು ಎಂದು ಅದನ್ನು ತುಂಬಲು ಮೂರು ಪುಟ್ಟ ನಳಿಕೆ ಕೊಟ್ಟರು.

"ಅಣ್ಣನದ್ದು ನಾನು ತಂದುಕೊಡ್ತೀನಿ. ಮಾತು ಅಂದ್ರೆ ಮಾತು," ಎಂದ ಅವನು. "ಇದಕ್ಕೆ ಮದ್ದಿಲ್ವಾ ಮೇಡಂ?"

"ನಂಗೆ ಗೊತ್ತಿಲ್ಲ. ಆದ್ರೆ ಮೂರು ಸೀನಿ ಬಿಸಿಲಲ್ಲೇ ನಿಂತಿದ್ರೆ ಮತ್ತೆ ಬರುತ್ತಾ?"

ಬರುತ್ತಿರಲಿಲ್ಲ. ಇಷ್ಟು ವರ್ಷ ಸೀನಿನ ಮೇಲೆ ಸಿಟ್ಟು ಮಾಡಿಕೊಂಡಿದ್ದನೇ ಹೊರತು ಅದನ್ನು ಗಮನಿಸಿ ನೋಡಿರಲಿಲ್ಲ.

ಮರುದಿನ ಬಟ್ಟೆ ಅಂಗಡಿಯ ಮುಂಬದಿಗೆ ಆಳೆತ್ತರದ ಗಾಜು ಹೋಗಬೇಕಿತ್ತು. ಅವನು ಮೊದಲೇ ಬೀದಿಗಿಳಿದು ಸೂರ್ಯನತ್ತ ಮುಖ ಮಾಡಿದ. ಮೂರೂ ಸೀನಿದ. ಕಣ್ಣು ಬೆಳಕಿಗೆ ಹೊಂದಿದ ಮೇಲೆ ಕೂಗಿದ: "ಹೊಸ್ತಿಲ ತನಕ ತನ್ನಿ. ಈ ಕಡೆ ನಾನು ಹಿಡೀತೀನಿ. ಒಳಗೆ ಮಾತ್ರ ಬರಲ್ಲ."

"ಒಡೆದ್ರೆ?" ಅಣ್ಣ ಗದರಿದ.

"ಒಡೆದ್ರೆ ನಿನ್ನ ಅಂಗಡಿ ಮೆಟ್ಟಿಲು ಹತ್ತಲ್ಲ. ತಗೊಂಡ್ ಬಾರಯ್ಯ!"

ಗಾಜು ಕೈಗೆ ಬಂತು. ಮೂಗು ಸುಮ್ಮನಿತ್ತು. ಟೆಂಪೋಗೆ ಏರಿಸಿ, ಬಟ್ಟೆ ಅಂಗಡಿಯಲ್ಲಿ ತಾನೇ ನಿಂತು ಕೂರಿಸಿ ಬಂದ. ಅಣ್ಣ ಹೊಗಳಲಿಲ್ಲ. "ನಾಳೆ ಬ್ಯಾಂಕಿನ ಗಾಜಿದೆ, ಬೇಗ ಬಾ," ಎಂದ. ಕತ್ತರಿಸುವ ಮೇಜಿಗೆ ಬೇರೊಬ್ಬನನ್ನು ಹಾಕಿದ.

ಆದರೆ ನಳಿಕೆಯ ವಿಷಯದಲ್ಲಿ ಅಣ್ಣ ಜಗ್ಗಲಿಲ್ಲ. "ನಾನ್ಯಾಕೆ ಕೊಡ್ಲಿ? ನನಗೇನು ರೋಗವಾ?"

"ಊರಿಗೆಲ್ಲ ಉಗೀತೀಯ, ಇಷ್ಟುದ್ದ ನಳಿಕೆಗೆ ಉಗಿಯೋಕಾಗಲ್ವಾ?"

ಜಗಳವಾಡಿದ, ಕೈಮುಗಿದ, ಅಮ್ಮನಿಂದಲೂ ಹೇಳಿಸಿದ. ಕೊನೆಗೆ ಎರಡೇ ನಳಿಕೆ ತುಂಬಿಸಿ ಕೊಟ್ಟಾಗ, "ಪರವಾಗಿಲ್ಲ, ಒತ್ತಾಯ ಮಾಡಬೇಡಿ," ಎಂದರು ಮೇಡಂ. ಅವರೇನೋ ಪರವಾಗಿಲ್ಲ ಅಂದರು, ಮಾತು ಕೊಟ್ಟವನು ಇವನು. ವರ್ಷ ಕಳೆಯುವುದರೊಳಗೆ ಅವರು ಕೆಲಸ ಮುಗಿಸಿ ಬೇರೆ ಊರಿಗೆ ಹೋದರು. ಅವನ ಕೆಲಸ ಅವನಿಗೆ ಮರಳಿಸಿದವರಿಗೆ ಅವನು ಸಲ್ಲಿಸಬೇಕಾದದ್ದು ಆ ಮೂರನೇ ನಳಿಕೆಯೊಂದೇ ಇತ್ತು. ಅದು ಸಲ್ಲಲೇ ಇಲ್ಲ.